ತುರುಬಿಗೆ ಸಿಗದ ಕೂದಲು: ಒಂದು ಸೀರೆ ಅಂಗಡಿಯ ಪ್ರಕರಣ

ನಾನು ಹತ್ತು ವರ್ಷಗಳಿಂದ ಒಂದು ತರಬೇತಿ ಕೇಂದ್ರದಲ್ಲಿ ಪಾಠ ಮಾಡುತ್ತಿದ್ದೇನೆ. ಉತ್ತರ ಕನ್ನಡ, ಹಾವೇರಿ, ಗದಗ ಕಡೆಯಿಂದ ಪಿಯುಸಿ ಮುಗಿಸಿ ಬರುವ ಹುಡುಗ ಹುಡುಗಿಯರಿಗೆ ಮೂರು ತಿಂಗಳ ಕೋರ್ಸು, ಆಮೇಲೆ ಬೆಂಗಳೂರಿನ ಅಂಗಡಿ, ಹೋಟೆಲು, ಆಸ್ಪತ್ರೆಗಳಲ್ಲಿ ಕೆಲಸ. ಬಿಲ್ಲಿಂಗು, ಇಂಗ್ಲಿಷು ಬೇರೆಯವರು ಕಲಿಸುತ್ತಾರೆ. ನನ್ನ ಪಾಲಿಗೆ ಬಂದಿರುವುದು ‘ಗ್ರೂಮಿಂಗ್’: ಉಗುರು, ಇಸ್ತ್ರಿ, ಶೂ ಪಾಲಿಶ್, ಸೀರೆಯ ನೆರಿಗೆ, ಕೂದಲು. ಈ ಪ್ರಕರಣದಲ್ಲಿ ತಪ್ಪಿದವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೆಸರು, ಊರು, ಅಂಗಡಿಯ ಬಡಾವಣೆ ಎಲ್ಲವನ್ನೂ ಬದಲಿಸಿದ್ದೇನೆ ಇಲ್ಲವೇ ಬಿಟ್ಟಿದ್ದೇನೆ. ಹುಡುಗಿಯನ್ನು ಮಂಜುಳಾ ಎನ್ನೋಣ. ಒಂದು ವಿವರ ಮಾತ್ರ ಮುಚ್ಚಿಡಲು ಬರುವುದಿಲ್ಲ, ಆಕೆ ಸಿದ್ದಿ ಸಮುದಾಯದವಳು. ಅದನ್ನು ತೆಗೆದರೆ ಇಲ್ಲಿ ಬರೆಯುವುದಕ್ಕೆ ಏನೂ ಉಳಿಯುವುದಿಲ್ಲ. ಬರೆದಿದ್ದನ್ನು ಆಕೆಗೆ ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದಳು.

ಹಿನ್ನೆಲೆ

ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದ ಜನರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಸುತ್ತಮುತ್ತಲ ಸಿದ್ದಿಗಳು ಅವರ ವಂಶದವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದ ಸಿದ್ದಿಗಳಿದ್ದಾರೆ. ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಹೊರಗೆ ಕನ್ನಡ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಯವರು ಸೇರಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಮೊದಲಿಗರು. ಇಷ್ಟಾದರೂ ಮಂಜುಳಾ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದ ದಿನ ಆಟೋದವರು ಕೇಳಿದ್ದು ‘ವಿಚ್ ಕಂಟ್ರಿ?’ ಎಂದು.

ಆಕೆಯನ್ನು ಸೀರೆ ಅಂಗಡಿಗೇ ಕಳಿಸಬೇಕೆಂದು ನಾನು ತೀರ್ಮಾನಿಸಿದ್ದಕ್ಕೆ ಕಾರಣವಿತ್ತು. ಅವಳ ತಾಯಿ ಕೌದಿ ಹೊಲಿಯುತ್ತಾರೆ. ಹಳೆ ಸೀರೆ, ಲುಂಗಿ, ಅಂಗಿಗಳ ತುಂಡು ಸೇರಿಸಿ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫೂಲ’ ಕೂರಿಸುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರಂತೆ. ಅಂಥ ಮನೆಯಲ್ಲಿ ಬೆಳೆದ ಹುಡುಗಿ ಕಣ್ಣು ಮುಚ್ಚಿಕೊಂಡು ಬಟ್ಟೆ ಮುಟ್ಟಿ ಇದು ರೇಷ್ಮೆ, ಇದು ಪಾಲಿಯೆಸ್ಟರ್ ಬೆರಕೆ ಎಂದು ಹೇಳುತ್ತಿದ್ದಳು. ನಮ್ಮ ಬ್ಯಾಚಿನಲ್ಲಿ ಇನ್ನೊಬ್ಬರಿಗೆ ಆ ಕೈ ಇರಲಿಲ್ಲ.

2024ರ ಸಂಕ್ರಾಂತಿ ಕಳೆದ ಮೇಲೆ ಕೆಲಸಕ್ಕೆ ಸೇರಿದಳು. ನಾಲ್ಕು ಮಹಡಿಯ ಅಂಗಡಿ, ಹಳೆಯ ಜವಳಿ ಮನೆತನದ್ದು. ತಿಂಗಳಿಗೆ 14,000 ರೂಪಾಯಿ, ಕೌಂಟರಿನಲ್ಲಿ ನಿಂತರೆ ಮಾರಾಟದ ಮೇಲೆ ಇನ್ಸೆಂಟಿವ್. ಮದುವೆ ಕಾಲದಲ್ಲಿ ಇನ್ಸೆಂಟಿವ್ ಮೂರ್ನಾಲ್ಕು ಸಾವಿರ ದಾಟುತ್ತದೆ. ಊರಿಗೆ ದುಡ್ಡು ಕಳಿಸಲು ಆಗುವುದು ಅದರಿಂದಲೇ. ಸಂಬಳ ಪಿಜಿ ಬಾಡಿಗೆ ಮತ್ತು ಊಟಕ್ಕೆ ಸರಿಹೋಗುತ್ತದೆ.

ಸಮಸ್ಯೆ

ಅಂಗಡಿಯ ನಿಯಮದ ಹಾಳೆಯಲ್ಲಿ ಹನ್ನೊಂದು ಸಾಲುಗಳಿದ್ದವು. ಅವುಗಳಲ್ಲಿ ಎರಡು ಇಲ್ಲಿ ಮುಖ್ಯ. ಒಂದು, ‘ಕೂದಲನ್ನು ಹಿಂದಕ್ಕೆ ಬಾಚಿ ತುರುಬು ಹಾಕಿ, ಬಲೆ ಮತ್ತು ಹೂವು ಮುಡಿದಿರಬೇಕು’. ಇನ್ನೊಂದು, ‘ಅಂಗಡಿ ಕೊಟ್ಟ ಕಾಂಪ್ಯಾಕ್ಟ್ ಬಳಸಬೇಕು’. ಮಂಜುಳಾಳ ಕೂದಲು ನಾಲ್ಕು ಬೆರಳುದ್ದ, ಸುರುಳಿ ಸುರುಳಿಯಾಗಿ ತಲೆಗೆ ಅಂಟಿಕೊಂಡು ಬೆಳೆಯುವಂಥದ್ದು. ಅದು ಬಾಚಣಿಗೆಗೂ ಬಗ್ಗದು, ತುರುಬಿಗೂ ಸಿಗದು. ಕಾಂಪ್ಯಾಕ್ಟ್ ಪೌಡರನ್ನು ಎಲ್ಲರಿಗೂ ಒಂದೇ ಬಣ್ಣದ್ದು ತರಿಸಿದ್ದರು. ಅವಳ ಮುಖದ ಮೇಲೆ ಅದು ಒಲೆಯ ಬೂದಿ ಬಳಿದ ಹಾಗೆ ಕಾಣುತ್ತಿತ್ತು.

ಫ್ಲೋರ್ ಮ್ಯಾನೇಜರ್ ಕೆಟ್ಟವರಲ್ಲ. ಅವರೂ ಹದಿನೆಂಟನೇ ವಯಸ್ಸಿಗೆ ಸೀರೆ ಮಡಿಸುವ ಹುಡುಗನಾಗಿ ಬಂದವರು. “ಕೂದಲು ಸೆಟ್ ಮಾಡಿಸ್ಕೊಂಡು ಬಾಮ್ಮ, ಆಮೇಲೆ ಕೌಂಟರ್ ಕೊಡ್ತೀನಿ” ಎಂದು ಅವಳನ್ನು ಮೂರನೇ ಮಹಡಿಯ ಸ್ಟಾಕ್ ರೂಮಿಗೆ ಹಾಕಿದರು. ಅಲ್ಲಿ ನಿಯಮದ ಹಾಳೆ ಅನ್ವಯಿಸುವುದಿಲ್ಲ, ಇನ್ಸೆಂಟಿವೂ ಇಲ್ಲ. ಅವಳ ಜೊತೆ ಸೇರಿದ ನಮ್ಮ ಕೇಂದ್ರದ ಇನ್ನಿಬ್ಬರು ಹುಡುಗಿಯರು ಮೊದಲ ವಾರವೇ ಕೌಂಟರಿನಲ್ಲಿದ್ದರು. ಮಂಜುಳಾ ಗಂಟು ಹೊತ್ತು ತರುತ್ತಿದ್ದಳು, ಅವರು ಬಿಚ್ಚಿ ತೋರಿಸುತ್ತಿದ್ದರು.

ಮೊದಲ ಪ್ರಯತ್ನ, ಅಂದರೆ ನನ್ನ ತಪ್ಪು

ಅವಳು ಫೋನ್ ಮಾಡಿದಾಗ ನನಗೆ ಇದರಲ್ಲಿ ಅನ್ಯಾಯ ಕಾಣಲಿಲ್ಲ. ಗ್ರೂಮಿಂಗಿನ ಸಮಸ್ಯೆ ಕಂಡಿತು, ಗ್ರೂಮಿಂಗ್ ನನ್ನ ವಿಷಯವಲ್ಲವೇ. ಪಾರ್ಲರಿಗೆ ಕರೆದುಕೊಂಡು ಹೋದೆ. ಕೂದಲು ನೇರ ಮಾಡಿಸುವುದಕ್ಕೆ ಮತ್ತು ತುರುಬಿಗೆ ಒಂದು ಚೌರಿಗೆ ಒಟ್ಟು 4,500 ರೂಪಾಯಿ. ಕೇಂದ್ರದ ನಿಧಿಯಿಂದ ಕೊಟ್ಟು, ತಿಂಗಳಿಗೆ 500ರಂತೆ ತೀರಿಸುವುದೆಂದು ಮಾತಾಯಿತು. ಲೆಕ್ಕದ ಪುಸ್ತಕದಲ್ಲಿ ‘ಗ್ರೂಮಿಂಗ್ ಸಾಲ’ ಎಂದು ನಾನೇ ಬರೆದೆ.

ಆಗ ನನ್ನ ಮನಸ್ಸಿನಲ್ಲಿದ್ದ ಸಮರ್ಥನೆಯನ್ನೂ ಹೇಳಬೇಕು, ಅದು ತೀರಾ ಪೊಳ್ಳಾಗಿರಲಿಲ್ಲ. 1927ರಲ್ಲಿ ಮಹಾರಾಷ್ಟ್ರದ ಮಹಾಡದಲ್ಲಿ ಅಂಬೇಡ್ಕರ್ ಅವರು ದಲಿತ ಹೆಣ್ಣುಮಕ್ಕಳಿಗೆ ಮೇಲ್ಜಾತಿಯ ಹೆಂಗಸರು ಉಡುವ ಹಾಗೆಯೇ ಸೀರೆ ಉಡಿ, ಜಾತಿಯ ಗುರುತಾಗಿರುವ ಒಡವೆಗಳನ್ನು ಬಿಡಿ ಎಂದು ಹೇಳಿದ್ದರು. ಉಡುಪು ಒಂದು ಮೆಟ್ಟಿಲು ಎಂದು ನಾನು ಪ್ರತಿ ಬ್ಯಾಚಿಗೂ ಇದನ್ನು ಉದಾಹರಿಸುತ್ತಿದ್ದೆ. ನಾನು ಕಾಣದೇ ಹೋದದ್ದು ಇಷ್ಟೆ: ಅಲ್ಲಿ ಹಾಗೆ ಸೀರೆ ಉಡುವುದೆಂದರೆ ಕಟ್ಟಳೆ ಮುರಿಯುವುದು, ನನ್ನ ತರಗತಿಯಲ್ಲಿ ಕಟ್ಟಳೆಗೆ ತಲೆ ಬಗ್ಗಿಸುವುದು. ಎರಡಕ್ಕೂ ಒಂದೇ ಸೀರೆ ಸಾಕು, ಅದಕ್ಕೇ ಗೊಂದಲ.

ನೇರವಾದ ಕೂದಲು, ಚೌರಿಯ ತುರುಬು, ಮೇಲೆ ಮಲ್ಲಿಗೆ. ಮಂಜುಳಾ ಹಾಗೆ ಹೋದ ದಿನ ಮ್ಯಾನೇಜರ್ ನೋಡಿ, “ಪರವಾಗಿಲ್ಲ” ಎಂದರು. ಕೌಂಟರ್ ಕೊಡಲಿಲ್ಲ. ಮುಂದಿನ ವಾರ, “ಸ್ಟಾಕ್ ಟೇಕಿಂಗ್ ಮುಗೀಲಿ”. ಅದು ಮುಗಿಯಿತು. ಮೂರನೇ ವಾರ, “ನಿನ್ನ ನಿಲ್ಲಿಸಿದ್ರೆ ಗಿರಾಕಿಗಳ ಗಮನ ಸೀರೆ ಮೇಲಿಂದ ಹೋಗುತ್ತೆ, ಬೇಜಾರ್ ಮಾಡ್ಕೋಬೇಡ”.

ಅಷ್ಟರಲ್ಲಿ ಅವಳ ನೆತ್ತಿ ಉರಿದು ಚರ್ಮ ಏಳತೊಡಗಿತ್ತು. ಕಿವಿಯ ಹಿಂದೆ ಕೂದಲು ತುಂಡು ತುಂಡಾಗಿ ಉದುರುತ್ತಿತ್ತು. ಒಂದು ಭಾನುವಾರ ಕೇಂದ್ರಕ್ಕೆ ಬಂದು ಚೌರಿಯನ್ನು ನನ್ನ ಮೇಜಿನ ಮೇಲಿಟ್ಟಳು. “ಅಕ್ಕಾ, ಕೂದಲಿನ ನಿಯಮ ಪಾಲಿಸಿದೆ. ಈಗ ಯಾವ ನಿಯಮ?” ಎಂದಳು. ಸ್ಟಾಕ್ ಸ್ಲಿಪ್ಪುಗಳ ಹಿಂಬದಿಯಲ್ಲಿ ತಾರೀಕು ಸಮೇತ ಬರೆದುಕೊಂಡಿದ್ದಳು, ಯಾರು ಏನು ಹೇಳಿದರು ಅಂತ. ಹದಿನಾಲ್ಕು ಸ್ಲಿಪ್ಪುಗಳಿದ್ದವು.

ಈ ಪ್ರಕರಣದ ಮೊದಲ ತಿರುವು ಅದು. ನಿಯಮ ಪಾಲಿಸಿದ ಮೇಲೂ ಬಾಗಿಲು ತೆರೆಯದಿದ್ದಾಗ ಅಡ್ಡ ಇದ್ದದ್ದು ಕೂದಲಲ್ಲ ಎಂದು ಗೊತ್ತಾಯಿತು. ಅವಳಿಗೆ ಮೊದಲು ಗೊತ್ತಾಯಿತು, ನನಗೆ ಸ್ಲಿಪ್ಪುಗಳನ್ನು ಓದಿದ ಮೇಲೆ.

ಕಾನೂನಿನ ದಾರಿ ಬಿಟ್ಟದ್ದು

ಪರಿಚಯದ ವಕೀಲರೊಬ್ಬರನ್ನು ಕೇಳಿದೆವು. ಸಂವಿಧಾನದ 15ನೇ ವಿಧಿ ಜನಾಂಗ, ಜಾತಿ, ಹುಟ್ಟಿದ ಸ್ಥಳಗಳ ಕಾರಣಕ್ಕೆ ಅಂಗಡಿ, ಹೋಟೆಲುಗಳ ಪ್ರವೇಶ ತಡೆಯಬಾರದು ಎನ್ನುತ್ತದೆ. ಅಂದರೆ ಗಿರಾಕಿಯಾಗಿ ಮಂಜುಳಾ ಒಳಗೆ ಬರುವುದಕ್ಕೆ ರಕ್ಷಣೆ ಇದೆ. ಕೌಂಟರಿನ ಆಚೆ ಬದಿಗೆ ನಿಲ್ಲುವುದಕ್ಕೆ, ಅದೂ ಖಾಸಗಿ ಅಂಗಡಿಯಲ್ಲಿ, ಅಷ್ಟು ನೇರವಾದದ್ದು ಇಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆ ಪರಿಶಿಷ್ಟ ಪಂಗಡದವರಿಗೂ ಅನ್ವಯಿಸುತ್ತದೆ. ಆದರೆ ಇಲ್ಲಿ ಯಾರೂ ಜಾತಿ ಹೆಸರೆತ್ತಿ ಬೈದಿರಲಿಲ್ಲ. ನಿಜ ಹೇಳಬೇಕೆಂದರೆ ಸಿದ್ದಿ ಎಂಬ ಜನ ಇದ್ದಾರೆಂದೇ ಆ ಅಂಗಡಿಯಲ್ಲಿ ಮುಕ್ಕಾಲು ಪಾಲು ಮಂದಿಗೆ ತಿಳಿದಿರಲಿಲ್ಲ. ಅವರು ನೋಡಿದ್ದು ಬಣ್ಣ ಮತ್ತು ಕೂದಲು. ವಕೀಲರು ಕ್ಯಾಲಿಫೋರ್ನಿಯದ ‘ಕ್ರೌನ್ ಆ್ಯಕ್ಟ್’ ಬಗ್ಗೆ ಹೇಳಿದರು. 2019ರಲ್ಲಿ ಬಂದ ಆ ಕಾನೂನು ಆಫ್ರಿಕನ್ ಮೂಲದವರ ಸಹಜ ಕೂದಲು, ಹೆಣೆದ ಜಡೆಗಳ ಕಾರಣಕ್ಕೆ ಕೆಲಸದಲ್ಲೂ ಶಾಲೆಯಲ್ಲೂ ಭೇದ ಮಾಡುವುದನ್ನು ನಿಷೇಧಿಸಿತು. ನಮ್ಮಲ್ಲಿ 2014ರಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬ ದೆಹಲಿಯಲ್ಲಿ ಕೂದಲ ಬಗ್ಗೆ ಹಂಗಿಸಿದ್ದರಿಂದ ಶುರುವಾದ ಜಗಳದಲ್ಲಿ ಹೊಡೆತ ತಿಂದು ಸತ್ತ ಮೇಲೆ ಬೆಜ್‌ಬರುವಾ ಸಮಿತಿ ಬಂತು, ವರದಿಯನ್ನೂ ಕೊಟ್ಟಿತು. ಆದರೆ ಅದು ಈಶಾನ್ಯದವರ ಕುರಿತು. ಯಲ್ಲಾಪುರದ ಕಾಡಿನ ಹುಡುಗಿಯ ಕೂದಲಿಗೆ ಸಮಿತಿ ಇನ್ನೂ ಆಗಿಲ್ಲ.

ದೂರು ಕೊಡೋಣವೇ ಎಂದು ಮಂಜುಳಾಳನ್ನೇ ಕೇಳಿದೆವು. “ಬೇಡ. ಕೇಸು ಹಾಕಿದವಳು ಅಂತ ಎಲ್ಲ ಅಂಗಡಿಗೂ ಗೊತ್ತಾಗ್ತದೆ. ಮೊದಲೇ ಮರೆಯೋ ಮುಖ ಅಲ್ಲ ನಂದು” ಎಂದಳು. ಸಂಘದವರೊಬ್ಬರು ಇದನ್ನು ಹೇಡಿತನ ಎಂದರು. ನನಗೆ ಹಾಗನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಸಾವಿರ ಜನರ ನಡುವೆ ಕರಗಿಹೋಗಬಲ್ಲವರಿಗೆ ದೂರು ಕೊಡುವುದು ಸುಲಭ.

ಯಜಮಾನರ ಮುಂದೆ

ಜುಲೈ ಹೊತ್ತಿಗೆ ಆಷಾಢದ ರಿಯಾಯಿತಿ ಜೋರಾಗಿತ್ತು. ಆಗಲೇ ಮಾಗಡಿ ರಸ್ತೆಯ ಮಾಲೊಂದರಲ್ಲಿ ಪಂಚೆ ಉಟ್ಟ ಹಾವೇರಿ ಕಡೆಯ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ ಎಂಬ ಸುದ್ದಿ ಊರೆಲ್ಲ ಹಬ್ಬಿ, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಹೇಳಿತು. ಅದೇ ವರ್ಷ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಬಟ್ಟೆ ಕೊಳೆ ಎಂದು ಒಬ್ಬರನ್ನು ತಡೆದ ಮೇಲ್ವಿಚಾರಕನ ಕೆಲಸ ಹೋಗಿತ್ತು. ನಾವು ಭೇಟಿಗೆ ಸಮಯ ಕೇಳಿದಾಗ ಅಂಗಡಿಯ ಯಜಮಾನರು ಮರುದಿನವೇ ಬರಹೇಳಿದ್ದಕ್ಕೆ ಈ ಸುದ್ದಿಗಳೂ ಕಾರಣವಿರಬಹುದು.

ಅವರು ಶುರು ಮಾಡಿದ್ದೇ ಅಲ್ಲಿಂದ. “ನಮ್ಮಲ್ಲಿ ಆ ಥರ ಇಲ್ಲ ಮೇಡಂ. ಪಂಚೆಯವರು, ಹವಾಯಿ ಚಪ್ಪಲಿಯವರು, ಎಲ್ಲರಿಗೂ ಗಾದಿ ಹಾಕ್ತೀವಿ.” ಆಮೇಲೆ ಆ ಅಂಗಡಿಯ ಪ್ರತಿ ಹೊಸಬರಿಗೂ ಹೇಳುವ ಕತೆ: ಬಹಳ ಹಿಂದೆ ಮಾಸಿದ ಪಂಚೆಯ ಮುದುಕನೊಬ್ಬನನ್ನು ಪಕ್ಕದ ಅಂಗಡಿಯವರು ಸರಿಯಾಗಿ ಮಾತಾಡಿಸಲಿಲ್ಲ, ಇವರ ತಂದೆ ಕೂರಿಸಿ ನೀರು ಕೊಟ್ಟರು, ಮುದುಕ ಸೊಂಟದ ಗಂಟು ಬಿಚ್ಚಿ ಮೂರು ಮದುವೆಯ ಜವಳಿ ತೆಗೆದ. ಈ ಕತೆಯನ್ನು ನಾನೂ ತರಗತಿಯಲ್ಲಿ ಹೇಳುತ್ತಿದ್ದೆ. ಅವತ್ತು ಅದೇ ಕೋಣೆಯಲ್ಲಿ ಮಂಜುಳಾ ಪಕ್ಕದಲ್ಲಿ ಕೂತು ಕೇಳಿದಾಗ ಕಿವಿಗೆ ಬೇರೆ ಥರ ಬಿತ್ತು. ಮುದುಕನ ಸೊಂಟದಲ್ಲಿ ಗಂಟು ಇಲ್ಲದಿದ್ದರೆ? ಕತೆ ಹೇಳುವುದು ಬಟ್ಟೆ ನೋಡಿ ಮೋಸ ಹೋಗಬೇಡ ಎಂದು, ಬಟ್ಟೆ ನೋಡಬೇಡ ಎಂದಲ್ಲ.

ನಾವು ಸ್ಲಿಪ್ಪುಗಳನ್ನು ಹೊರಗೆ ತೆಗೆಯಲಿಲ್ಲ. ಹಾಗೆ ಮಾಡಿದರೆ ಮ್ಯಾನೇಜರ್ ಒಬ್ಬರ ತಲೆ ಹೋಗುತ್ತದೆ, ಹಾಳೆ ಹಾಗೇ ಉಳಿಯುತ್ತದೆ ಎಂಬುದು ಮಂಜುಳಾಳ ಲೆಕ್ಕ. ಮೆಟ್ರೊ ಪ್ರಕರಣದಲ್ಲಿ ಆದದ್ದು ಅದೇ ಅಲ್ಲವೇ. ಬದಲಿಗೆ ನಿಯಮದ ಹಾಳೆಯನ್ನೇ ಮೇಜಿನ ಮೇಲಿಟ್ಟು ಒಂದೊಂದು ಸಾಲಿಗೂ ಒಂದೇ ಪ್ರಶ್ನೆ ಕೇಳಿದೆವು: ಇದು ಯಾಕೆ?

ಚಪ್ಪಲಿ ಕಳಚಬೇಕು, ಯಾಕೆ? ಗಾದಿ ಬಿಳಿ. ಉಂಗುರ, ಬಳೆ ಹಾಕಬಾರದು, ಯಾಕೆ? ಜರಿಗೆ ಸಿಕ್ಕಿ ನೂಲು ಎಳೆಯುತ್ತದೆ. ತುರುಬು ಯಾಕೆ? ಯಜಮಾನರು ತಡಮಾಡದೆ, “ಕೂದಲು ಸೀರೆ ಮೇಲೆ ಬೀಳಬಾರದು, ಗಿರಾಕಿ ಮುಖ ಸಿಂಡರಿಸ್ತಾರೆ” ಎಂದರು. ಮಂಜುಳಾ ಆಗ ತಲೆಯ ಮೇಲೆ ಕೈಯಾಡಿಸಿ ತೋರಿಸಿದಳು. “ನನ್ನ ಸ್ವಂತ ಕೂದಲು ಎಲ್ಲೂ ಬೀಳೋದಿಲ್ಲ ಸರ್. ನೇರ ಮಾಡ್ಸಿದ್ ಮೇಲೇ ಬೀಳೋಕೆ ಶುರುವಾಗಿದ್ದು.” ಕಾಂಪ್ಯಾಕ್ಟ್ ಯಾಕೆ ಎಂಬುದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. “ಮೊದಲಿಂದ ಇದೆ” ಎಂದರು ಮ್ಯಾನೇಜರ್.

ಯಜಮಾನರ ಮಗ ಈ ಮಾತುಕತೆಯ ಉದ್ದಕ್ಕೂ ಅಲ್ಲೇ ಇದ್ದರು. ಮೊಣಕಾಲಿನ ಚಡ್ಡಿ, ಮಾಸಿದ ಟೀ ಶರ್ಟು, ಭುಜದವರೆಗಿನ ಕೂದಲಿಗೆ ಅರ್ಧ ಜುಟ್ಟು. ಮಧ್ಯೆ ಎದ್ದು ಹೊಸ ಕಂಚಿ ಸ್ಟಾಕಿನ ಮೇಲೆ ಬಗ್ಗಿ ಅಂಚು ನೋಡಿದರು. ನಾನು ಅದನ್ನು ಗಮನಿಸಿದ್ದು ಹೊರಗೆ ಬಂದ ಮೇಲೆ ಮಂಜುಳಾ ಹೇಳಿದಾಗ. “ಅವರ ಕೂದಲು ಸೀರೆ ಮೇಲೆ ಬಿತ್ತು ಅಕ್ಕಾ, ಮ್ಯಾನೇಜರ್ ಸರ್ರೇ ತೆಗೆದು ಪಕ್ಕಕ್ಕೆ ಹಾಕಿದ್ರು.” ಹತ್ತು ವರ್ಷ ಗ್ರೂಮಿಂಗ್ ಕಲಿಸಿದ ನನ್ನ ಕಣ್ಣಿಗೆ ಯಜಮಾನರ ಮನೆಯವರ ಬಟ್ಟೆ ಕಾಣುವುದೇ ಇಲ್ಲ.

ಏನಾಯಿತು

ತುರುಬಿನ ಸಾಲು ‘ಕೂದಲು ಬಟ್ಟೆಯ ಮೇಲೆ ಬೀಳದಂತೆ ಇರಬೇಕು’ ಎಂದಾಯಿತು. ಕಾಂಪ್ಯಾಕ್ಟಿನ ಸಾಲು ಹೋಯಿತು. ಮಂಜುಳಾಗೆ ಶ್ರಾವಣದಿಂದ ಒಂದು ತಿಂಗಳು ಪರೀಕ್ಷೆಗೆಂದು ಕೌಂಟರ್ ಕೊಟ್ಟರು, ರೇಷ್ಮೆ ಮಹಡಿಯಲ್ಲಲ್ಲ, ಕೆಳಗಿನ ದಿನಬಳಕೆಯ ಸೀರೆಗಳದ್ದು.

ವರಮಹಾಲಕ್ಷ್ಮಿ ಹಬ್ಬದ ನೂಕುನುಗ್ಗಲಲ್ಲಿ ಎಲ್ಲ ಬಗೆಯ ಗಿರಾಕಿಗಳೂ ಬಂದರು. ಕೆಲವರು “ಬೇರೆ ಯಾರಾದ್ರೂ ತೋರಿಸಿ” ಎಂದರು. ಒಬ್ಬರು ಕೇಳದೆಯೇ ಅವಳ ತಲೆ ಮುಟ್ಟಿ ನೋಡಿದರು. ‘ನೀವು ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರ’ ಎಂಬುದು ದಿನಕ್ಕೆ ಐದಾರು ಸಲ. ಹೆಚ್ಚಿನವರು ಮಾತ್ರ ಸೀರೆ ನೋಡಿದರು, ಚೌಕಾಸಿ ಮಾಡಿದರು, ಫಾಲ್ಸ್ ಹಾಕಿಕೊಡ್ತೀರಾ ಎಂದು ಕೇಳಿದರು, ಹೋದರು. ತಿಂಗಳ ಕೊನೆಗೆ ಆ ಕೌಂಟರಿನ ಏಳು ಜನರಲ್ಲಿ ಅವಳ ಮಾರಾಟ ನಾಲ್ಕನೆಯದು. ಇಂಥ ಪ್ರಕರಣ ಬರೆಯುವವರಿಗೆ ಇಲ್ಲಿ ಮೊದಲನೆಯದು ಎಂದು ಬರೆಯುವ ಆಸೆಯಾಗುತ್ತದೆ. ಮೂರನೆಯವಳು, ಐದನೆಯವಳು ಇಬ್ಬರೂ ಯಾವ ಪರೀಕ್ಷೆಯೂ ಇಲ್ಲದೆ ಅಲ್ಲಿ ನಿಂತಿದ್ದರು, ಅವಳೂ ನಿಲ್ಲುವುದಕ್ಕೆ ನಾಲ್ಕನೆಯದು ಸಾಲದೇ?

ನಾವು ಎಣಿಸದೇ ಇದ್ದದ್ದೂ ಒಂದು ಆಯಿತು. ಆ ಅಂಗಡಿಯಲ್ಲಿ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ ಹೆಂಗಸರನ್ನು ಕೂದಲು ಬೆಳೆಯುವವರೆಗೆ ಸಂಬಳವಿಲ್ಲದ ರಜೆಯ ಮೇಲೆ ಕಳಿಸುತ್ತಿದ್ದರಂತೆ, ತುರುಬಿನ ಸಾಲು ಇತ್ತಲ್ಲ. ಹರಕೆಯಿದ್ದೂ ಎರಡು ವರ್ಷದಿಂದ ಮುಂದೂಡುತ್ತಿದ್ದ ಬಿಲ್ಲಿಂಗಿನ ಒಬ್ಬರು ಸೆಪ್ಟೆಂಬರಿನಲ್ಲಿ ಹೋಗಿ ಬಂದು, ಬೋಳುತಲೆಯಲ್ಲೇ ಮರುದಿನ ಕೂತರು. ಹೊಸ ಹಾಳೆಯ ಪ್ರಕಾರ ಯಾರೂ ಏನೂ ಹೇಳುವಂತಿರಲಿಲ್ಲ. ಮಂಜುಳಾಳ ಜೊತೆ ಅದುವರೆಗೆ ಊಟಕ್ಕೆ ಕೂರದಿದ್ದ ಆಕೆ ಅಂದಿನಿಂದ ಲಡ್ಡಿನ ಜೊತೆ ಶುರು ಮಾಡಿ ದಿನಾ ಕೂರುತ್ತಿದ್ದರು.

ದೀಪಾವಳಿಯ ಜಾಹೀರಾತು

ಎರಡನೇ ತಿರುವು ನಾವು ಗೆದ್ದೆವು ಎಂದುಕೊಂಡ ಮೇಲೆ ಬಂತು. ದೀಪಾವಳಿ ಜಾಹೀರಾತಿಗೆ ಬಂದಿದ್ದ ಏಜೆನ್ಸಿಯವರು ಮಂಜುಳಾಳನ್ನು ಕೌಂಟರಿನಲ್ಲಿ ನೋಡಿ ಹಿಗ್ಗಿದರು. ‘ಎಂಥಾ ಲುಕ್!’ ಆರು ತಿಂಗಳ ಹಿಂದೆ ಗಿರಾಕಿಗಳ ಗಮನ ಕೆಡಿಸುತ್ತದೆ ಎಂದ ಅದೇ ಕೂದಲು ಈಗ ಗಮನ ಸೆಳೆಯುತ್ತದೆ ಎಂದಾಯಿತು. ಕಾಡಿನ ಥೀಮು, ಕೊರಳು ತುಂಬ ಮಣಿಸರ, ಪಕ್ಕದಲ್ಲೊಂದು ಡಮಾಮಿ (ಸಿದ್ದಿಗಳ ಚರ್ಮವಾದ್ಯ), ಬರಿಗಾಲು. ಒಂದು ದಿನಕ್ಕೆ 10,000 ರೂಪಾಯಿ.

ಅವಳು ನನ್ನನ್ನು ಕೇಳಿದಳು. ನಾನು ಒಪ್ಪಿಕೋ ಎಂದೆ. ಮುಕ್ಕಾಲು ತಿಂಗಳ ಸಂಬಳ ಒಂದೇ ದಿನದಲ್ಲಿ. ಅವಳು ಒಂದು ರಾತ್ರಿ ಯೋಚನೆ ಮಾಡಿ, ಯಜಮಾನರ ಮಗನಿಗೆ ಹೇಳಿ ಕಳಿಸಿದಳು: “ನಾನು ಮಾರೋ ಸೀರೆ ಉಟ್ಟು, ಕೌಂಟರಿನಲ್ಲಿ ನಿಂತು ಫೋಟೋ ತೆಗೆಸ್ಕೊಳ್ತೇನೆ. ಬರಿಗಾಲು ಎಂತಕ್ಕೆ? ಬೇರೆ ಮಾಡೆಲ್‌ಗಳಿಗೆ ಚಪ್ಪಲಿ ಉಂಟಲ್ಲ.” ಏಜೆನ್ಸಿಗೆ ಅದು ಬೇಡವಾಯಿತು. ಮುಂಬೈಯಿಂದ ಒಬ್ಬಳು ಬಂದಳು. ಅವಳ ಕೂದಲನ್ನು ಮೂರು ಗಂಟೆ ಕೂತು ಗುಂಗುರು ಮಾಡಿದರಂತೆ.

ನಾನು ಎರಡನೇ ಸಲವೂ ತಪ್ಪು ಸಲಹೆ ಕೊಟ್ಟಿದ್ದೆ. ಈ ವಾಕ್ಯ ಮಂಜುಳಾ ಸೇರಿಸಿದ್ದು. ದುಡ್ಡು ಬೇಕಾದವಳಿಗೆ ದುಡ್ಡು ತಗೋ ಎಂದದ್ದು ತಪ್ಪಲ್ಲ ಎಂದು ನಾನು ವಾದಿಸಿದೆ. “ತಪ್ಪಲ್ಲ, ಆದರೆ ನೀವು ಬಟ್ಟೆ ಯಾವುದು ಅಂತ ಕೇಳಲೇ ಇಲ್ಲ” ಎಂದಳು.

ಆಮೇಲೆ

2025ರ ಯುಗಾದಿಯ ಹೊತ್ತಿಗೆ ಅವಳು ಆ ಅಂಗಡಿ ಬಿಟ್ಟು ಹುಬ್ಬಳ್ಳಿಯ ಇನ್ನೊಂದು ಅಂಗಡಿಗೆ ಹೋದಳು. ಊರಿಗೆ ಹತ್ತಿರ, ಸಂಬಳವೂ ಹೆಚ್ಚು, ರೇಷ್ಮೆಯ ಕೌಂಟರ್. ಬೆಂಗಳೂರಿನ ಅಂಗಡಿಯಲ್ಲಿ ಹೊಸ ಹಾಳೆ ಇನ್ನೂ ಇದೆ, ಆದರೆ ಆಮೇಲೆ ನಾವು ಕಳಿಸಿದ ಒಬ್ಬ ಸಿದ್ದಿ ಹುಡುಗನನ್ನು ಬಾಗಿಲಲ್ಲಿ ಕಪ್ಪು ಸಫಾರಿ ಹಾಕಿಸಿ ಸೆಕ್ಯುರಿಟಿಗೆ ನಿಲ್ಲಿಸಿದರು. ಅವನು ಬಿಲ್ಲಿಂಗ್ ಕಲಿತವನು. ಹಾಳೆಯಲ್ಲಿ ಅದಕ್ಕೆ ಸಂಬಂಧಿಸಿದ ಸಾಲೇ ಇಲ್ಲ, ತಿದ್ದುವುದಕ್ಕೂ ಏನಿಲ್ಲ. ಅವನ ವಿಷಯದಲ್ಲಿ ಮಾತುಕತೆ ನಡೆಯುತ್ತಿದೆ.

ನಮ್ಮ ಕೇಂದ್ರದಲ್ಲಿ ಈಗ ಯಾರನ್ನೂ ಕಳಿಸುವ ಮೊದಲು ಅಂಗಡಿಯ ನಿಯಮದ ಹಾಳೆ ತರಿಸಿಕೊಂಡು, ಪ್ರತಿ ಸಾಲಿನ ಎದುರು ಕಾರಣ ಬರೆದುಕೊಡಿ ಎಂದು ಕೇಳುತ್ತೇವೆ. ಕೆಲವರು ಬರೆದುಕೊಡುತ್ತಾರೆ, ಇಬ್ಬರು ನಮ್ಮ ಮಕ್ಕಳೇ ಬೇಡ ಎಂದಿದ್ದಾರೆ. ನನ್ನ ತರಗತಿಯಿಂದ ಗಂಟಿನ ಮುದುಕನ ಕತೆ ತೆಗೆದಿದ್ದೇನೆ. ಇಸ್ತ್ರಿ, ಉಗುರು, ನೆರಿಗೆ ಈಗಲೂ ಕಲಿಸುತ್ತೇನೆ, ಅವು ಗೊತ್ತಿರಲೇಬೇಕು.

ಸಾಲದ ವಿಷಯ ಉಳಿಯಿತು. ನಾವು ಬೇಡವೆಂದರೂ ಮಂಜುಳಾ ಆರು ಕಂತು, 3,000 ರೂಪಾಯಿ ಕಟ್ಟಿದ್ದಳು. ಕಳೆದ ಟ್ರಸ್ಟ್ ಸಭೆಯಲ್ಲಿ ಅದನ್ನು ಅವಳ ಖಾತೆಗೆ ವಾಪಸು ಹಾಕಿ, ಇಡೀ 4,500ನ್ನು ‘ಕೇಂದ್ರದ ತಪ್ಪು’ ಎಂಬ ತಲೆಬರಹದಡಿ ಬರೆಯೋಣ ಎಂದೆ. ಲೆಕ್ಕಿಗರು ಆಡಿಟಿಗೆ ಅಂಥ ತಲೆಬರಹ ನಡೆಯುವುದಿಲ್ಲ ಎಂದರು. ‘ಇತರೆ ಖರ್ಚು’ ಎಂದು ಬರೆದಿದ್ದಾರೆ.